ಮಂಚದ ಕೆಳಗಿನ ದೇಶ

ನನ್ನ ಸೋದರಮಾವ ಒಂದು ದೇಶ ಆಳುತ್ತಿದ್ದರು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು ನಷ್ಟ! ಆ ದೇಶದ ಪ್ರಜೆಗಳಿಗೆಲ್ಲ ಒಂದೊಂದು ಅತಿಮಾನುಷ ಶಕ್ತಿ ಇತ್ತು. ಅಲ್ಲಿ ಪಕ್ಷಗಳಿದ್ದವು, ಒಳಜಗಳವಿತ್ತು, ಒಮ್ಮೆ ಚುನಾವಣೆ ಕೂಡ ನಡೆದಿತ್ತು. ಎರಡು ಸಲ ಸರ್ಕಾರ ಬಿದ್ದಿತ್ತು, ಎರಡು ಸಲವೂ ನಮ್ಮತ್ತೆಯ ಪೊರಕೆಯಿಂದ. ಯಾಕೆಂದರೆ ಆ ಇಡೀ ದೇಶ ಇದ್ದದ್ದು ಚನ್ನಪಟ್ಟಣದಲ್ಲಿ, ಮಾವನ ಮನೆಯ ನಡುಮನೆಯಲ್ಲಿ, ಕಬ್ಬಿಣದ ಮಂಚದ ಕೆಳಗೆ. ಪೂರ್ವಕ್ಕೆ ಟ್ರಂಕು, ಪಶ್ಚಿಮಕ್ಕೆ ಈರುಳ್ಳಿ ಬುಟ್ಟಿ. ಗಡಿ ತಂಟೆ ಬಂದದ್ದೆಲ್ಲ ಈರುಳ್ಳಿ ಕಡೆಯಿಂದಲೇ.

ನಾನು ಕನಕಪುರದಾಚೆ ಕೋಡಿಹಳ್ಳಿ ಕಡೆಯವಳು. ಕಾಲೇಜು ಓದಲೆಂದು ಮಾವನ ಮನೆಯಲ್ಲಿದ್ದೆ. ಬಿಡದಿಯಲ್ಲಿ ಕಾರ್ಖಾನೆ ಪಕ್ಕ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಬೆಳಗಾದರೆ ಕಂಪನಿ ಬಸ್ಸುಗಳು ಬಂದು ಊರ ಹುಡುಗರನ್ನೆಲ್ಲ ತುಂಬಿಕೊಂಡು ಹೋಗುತ್ತಿದ್ದವು. ಮಾವ ಮಾತ್ರ ಮೀಸೆ ಚಿಗುರಿದಾಗ ಹಿಡಿದ ಕೆಲಸವನ್ನೇ ಮಾಡುತ್ತಿದ್ದರು. ಭಾಯ್ ಅವರ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು ಮರ ಕಡೆಯುವುದು, ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತುವುದು. ಭಾಯ್ ಅಂದರೆ ಆ ಕಾರ್ಖಾನೆಯ ಯಜಮಾನರು, ಊರಿಗೆಲ್ಲ ಅವರು ಭಾಯ್. ಆ ಲೇತಿನ ಮುಂದಿನ ಮಣೆ ಬಿಟ್ಟರೆ ಮಾವನಿಗೆ ಭೂಮಿ ಮೇಲೆ ಬೇರೆ ಜಾಗವೇ ಗೊತ್ತಿರಲಿಲ್ಲ.

ದೇಶ ಹುಟ್ಟಿದ್ದೂ ಆ ಮಣೆಯ ಪಕ್ಕದಲ್ಲೇ. ಭಾಯ್ ಹತ್ತಿರ ತೂತುಗಳಿದ್ದ ಒಂದು ತಗಡಿತ್ತು. ಗೊಂಬೆಯ ತಲೆ ಆ ತೂತಿನಲ್ಲಿ ಸಲೀಸಾಗಿ ತೂರಿದರೆ ಪಾಸು, ಇಲ್ಲವಾದರೆ ಗೋಣಿಚೀಲಕ್ಕೆ. ಚೀಲ ತುಂಬಿದರೆ ರಾಮನಗರಕ್ಕೆ. ಅಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಗೆ! ಒಂದು ಸಂಜೆ ಮಾವ ಆ ಚೀಲದಿಂದ ಕತ್ತು ಸೊಟ್ಟಗಿದ್ದ ಗೊಂಬೆಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು.

“ಇವ್ನ್ಯಾರು ಗೊತ್ತೇನವ್ವ? ಇವ್ನಿಗೆ ಬೀದಿ ತಿರುವಿನಾಚೆ ಇರೋದೆಲ್ಲ ಕಾಣ್ತದೆ. ನಿಂಗೂ ನಂಗೂ ಕಾಣಾಕಿಲ್ಲ, ನಮ್ದು ನೆಟ್ಟಗಿರೋ ಕತ್ತು.”

“ಹಂಗಾದ್ರೆ ಅವನನ್ನ ಚೀಲಕ್ಕೆ ಯಾಕೆ ಹಾಕಿದ್ರು ಮಾವ?”

“ಅದ್ಕೇ ಹಾಕಿದ್ದು! ಶಕ್ತಿ ಇರೋರ್ನ ಯಾವ ರಾಜ ಸುಮ್ನೆ ಬುಡ್ತಾನೆ?”

ಹೀಗೆ ತಗಡು ಮಹಾರಾಜನ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರ ದೇಶ ಶುರುವಾಯಿತು. ಅಲ್ಲಿ ಸಂವಿಧಾನ ಒಂದೇ ಸಾಲಿನದು: ಎಲ್ಲಿ ಐಬೋ ಅಲ್ಲೇ ಶಕ್ತಿ. ಚಕ್ರ ಒಂದು ದೊಡ್ಡದು ಒಂದು ಚಿಕ್ಕದು ಆಗಿದ್ದ ಬಾತುಕೋಳಿ ಬಂಡಿಯಿತ್ತು. ನೂಕಿದರೆ ಒಂದು ಸುತ್ತು ಹೊಡೆದು ನೂಕಿದವರ ಕಾಲಿನ ಹತ್ತಿರಕ್ಕೇ ವಾಪಸು. ಅದರ ಶಕ್ತಿ, ಎಲ್ಲಿ ಬಿಟ್ಟರೂ ಮನೆಗೆ ಬರುವುದು! ತಳ ಓರೆಯಾಗಿ ನಿಲ್ಲಲಾರದ ಒಬ್ಬ ಸಿಪಾಯಿಗೆ ನೆಲ ಎಲ್ಲಿ ಇಳಿಜಾರು ಅನ್ನುವುದು ಗೊತ್ತಾಗುತ್ತಿತ್ತು. ಕಣ್ಣು ಬರೆಯುವ ಮುಂಚೆಯೇ ಒಡಕು ಕಂಡು ಚೀಲ ಸೇರಿದ್ದವಳು ಮನಸ್ಸು ಓದುತ್ತಿದ್ದಳು. “ಕಣ್ಣಿದ್ದೋರು ಮುಖ ನೋಡಿ ಮೋಸ ಹೋಗ್ತಾರೆ ಕಣವ್ವ” ಎಂದು ಮಾವ ವಿವರಣೆ ಕೊಟ್ಟರು. ಇದಕ್ಕೆ ಏನಂತ ಎದುರು ಹೇಳುವುದು?

ಒಬ್ಬನ ಶಕ್ತಿ ಮಾತ್ರ ಪತ್ತೆಯಾಗಿರಲಿಲ್ಲ. ಅವನೊಂದು ಗಿಲಕಿ. ಒಳಗಿನ ತೂತು ಓರೆಯಾಗಿ ಕೊರೆದದ್ದರಿಂದ, ಜೋರಾಗಿ ಆಡಿಸಿದ ಕೂಡಲೇ ಕಾಳುಗಳೆಲ್ಲ ಹಿಡಿಯ ಸಂದಿಗೆ ಹೋಗಿ ಸಿಕ್ಕಿಕೊಂಡು ತೆಪ್ಪಗಾಗುತ್ತಿದ್ದವು. ಗಿಲಕಿಯಾಗಿ ಹುಟ್ಟಿ ಮೂಕ! ನಾನೂ ಆಡಿಸಿದೆ, ಮಾವನ ಮಗಳೂ ಆಡಿಸಿದಳು, ಅತ್ತೆ ಸಿಟ್ಟಿನಿಂದ ಗೋಡೆಗೆ ಕುಟ್ಟಿಯೂ ನೋಡಿದರು. ಊಹೂಂ! ನಾವು ಅವನಿಗೆ ಮೂಗಪ್ಪ ಅಂತ ಹೆಸರಿಟ್ಟೆವು. “ಇವ್ನ ಟೈಮ್ ಬಂದಿಲ್ಲ” ಎಂದು ಮಾವ ಅವನನ್ನು ಟ್ರಂಕಿನ ಹಿಂದೆ ಮಲಗಿಸಿದರು.

ಇನ್ನು ಪಕ್ಷಗಳ ಸಂಗತಿ. ಕಷ್ಟ ಬಂದಾಗ ಜನ ಒಂದಾಗುತ್ತಾರೆ ಅಂತ ಪುಸ್ತಕದಲ್ಲಿ ಓದಿದ್ದೇವಲ್ಲ, ಅದೆಲ್ಲ ಬರೀ ಓಳು! ಮಾವನ ಪ್ರಜೆಗಳು ಕಷ್ಟ ಬಂದ ಮಾರನೆಯ ದಿನವೇ ಮೂರು ಹೋಳಾದರು. ಮೊದಲನೆಯವರು ಅವಿತುಕೊಂಡೋರು. ‘ಕಂಡರೆ ಕೆಟ್ಟೆ’ ಅನ್ನುವುದು ಅವರ ಸಿದ್ಧಾಂತ, ಟ್ರಂಕಿನ ಹಿಂಭಾಗ ಅವರ ಠಾಣ್ಯ. ಎರಡನೆಯವರು ಎದೆ ಕೊಡೋರು. ಒಲೆಗೆ ಹಾಕುವವರನ್ನೇ ಒಲೆಗೆ ಹಾಕಬೇಕು ಅನ್ನುವ ಬಿಸಿರಕ್ತದವರು. ಅವಕಾಶ ಸಿಕ್ಕರೆ ಸಾವನದುರ್ಗದ ಮೇಲೆ ಕೋಟೆ ಕಟ್ಟುವ ಯೋಜನೆ ಅವರದು. “ಅಲ್ಲೇ ಯಾಕೆ ಮಾವ?” ಅಂದರೆ, “ಬರೀ ಬಂಡೆ ಕಣವ್ವ, ಅವಿತ್ಕಳಾಕೆ ಒಂದು ಪೊದೆ ಇಲ್ಲ. ಅವ್ರಿಗೆ ಅದೇ ಬೇಕು” ಅಂದರು. ಮೂರನೆಯವರು ಉಜ್ಜಿಕೊಂಡೋರು. ಉಪ್ಪುಕಾಗದದಲ್ಲಿ ಮೈ ಉಜ್ಜಿಕೊಂಡು, ಐಬು ಅಳಿಸಿಕೊಂಡು, ಮೈಸೂರು ರಸ್ತೆಯ ಅಂಗಡಿ ಸಾಲಿನಲ್ಲಿ ನೆಟ್ಟಗಿರುವವರ ನಡುವೆ ಸೇರಿಬಿಡಬೇಕು ಅನ್ನುವವರು. ಉಜ್ಜಿಕೊಂಡರೆ ಶಕ್ತಿಯೂ ಹೋಗುತ್ತದಲ್ಲ! ಹೋದರೆ ಹೋಗಲಿ, ಜೀವ ಉಳಿದರೆ ಸಾಕು ಅನ್ನುವುದು ಅವರ ವಾದ. ನನಗೆ ಒಳಗೊಳಗೇ ಅವರ ಮೇಲೆಯೇ ಒಲವು. ಪರೀಕ್ಷೆ ಹತ್ತಿರ ಬಂದಾಗ ನಾನೂ ಅದೇ ಪಕ್ಷ.

ಒಮ್ಮೆ ಚುನಾವಣೆ ಮಾಡಿದೆವು. ಅವಿತುಕೊಂಡೋರಿಗೇ ಬಹುಮತ ಅಂತ ಊರೆಲ್ಲ, ಅಂದರೆ ಮಂಚವೆಲ್ಲ, ಮಾತಾಡಿಕೊಂಡಿತ್ತು. ಕೊನೆಗೆ ಠೇವಣಿ ಕಳೆದುಕೊಂಡರು. ವೋಟು ಹಾಕಲು ಒಬ್ಬನಾದರೂ ಹೊರಗೆ ಬರಬೇಕಲ್ಲ!

ದೇಶಕ್ಕೊಬ್ಬ ದೇವರೂ ಇದ್ದ. ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ. ಅದು ಮಾವನದೇ ಆಯ್ಕೆ. ಗುಡಿಯ ಅರ್ಚಕರು ಯಾವತ್ತೋ ಅಪ್ರಮೇಯ ಅಂದರೆ ಅಳತೆಗೆ ಸಿಗದವನು ಅಂತ ಹೇಳಿದ್ದೇ ತಡ, ಮಾವ ಅಲ್ಲೇ ಕುಣಿದಾಡಿಬಿಟ್ಟರು. “ನೋಡ್ದಾ? ಅಳತೆಗೆ ಸಿಗದೋನು ಅಂದ್ರೆ ತಗಡಿನ ತೂತಲ್ಲಿ ತೂರದೋನು. ನಮ್ಮೋನೇ ಕಣವ್ವ!” ಅರ್ಚಕರು ತೀರ್ಥದ ಉದ್ಧರಣೆ ಹಿಡಿದುಕೊಂಡು ಹಾಗೇ ನಿಂತಿದ್ದರು.

ಈ ದೇಶದ ಮಹಾವೈರಿ ಮನೆಯೊಳಗೇ ಇದ್ದರು. ನಮ್ಮತ್ತೆ! ಬಚ್ಚಲ ಒಲೆ, ಹಂಡೆ, ಸೌದೆ ಇವುಗಳ ಏಕೈಕ ಅಧಿಕಾರಿ. ದಿನ ಬೆಳಗಾದರೆ ಎರಡು ದೇಶಗಳ ಮಾತುಕತೆ ನಡೆಯುತ್ತಿತ್ತು.

“ಒಂದೇ ಒಂದು ಹಿಡಿ ಕೊಡಿ, ಹಂಡೆ ನೀರು ಕಾಯ್ತದೆ. ಅರಗು ಮೆತ್ತಿರೋ ಮರ, ಸೀಮೆಎಣ್ಣೆನೂ ಬ್ಯಾಡ. ಬೆಂಕಿಪೊಟ್ಟಣ ತೋರಿಸಿದ್ರೆ ಹತ್ಕತದೆ!”

“ಮೆಲ್ಲಗೆ ಮಾತಾಡೇ! ಅವ್ರಿಗೆ ಕೇಳಿಸ್ತದೆ.”

“ಕೇಳಿಸ್ಲಿ! ನಿಮ್ ಪರ್ಜೆಗಳು ಸ್ನಾನ ಮಾಡಾಕಿಲ್ಲ, ನಾವು ಮಾಡ್ಬೇಕು.”

ಬೈದರೂ ಅತ್ತೆ ಒಂದು ದಿನವೂ ಒಂದು ಗೊಂಬೆಯನ್ನೂ ಒಲೆಗೆ ಹಾಕಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಜಿಪುಣಿ ಅಂದರೆ ಮಹಾ ಜಿಪುಣಿ! ನಮಗೆಲ್ಲ ಲೋಟದ ತುಂಬ ಕಾಫಿ ಕೊಟ್ಟು, ಕಟ್ಟಿಕೊಂಡ ಗಂಡನಿಗೆ ಅರ್ಧ ಲೋಟ ಕೊಡುತ್ತಿದ್ದರು. ಆಮೇಲೆ ಇನ್ನರ್ಧ. ಒಂದೇ ಸಲ ಕೊಟ್ಟರೆ ಇವರ ಗಂಟೇನು ಹೋಗುತ್ತಿತ್ತು ಅಂತ ನನಗೆ ಉರಿಯುತ್ತಿತ್ತು.

ಮಾವನಿಗಂತೂ ಅದರ ಪರಿವೆಯೇ ಇರಲಿಲ್ಲ. ಅವರದೆಲ್ಲ ರಾಷ್ಟ್ರಾಧ್ಯಕ್ಷರ ಗತ್ತು. ಮನೆಯಲ್ಲಿರುವಾಗ ಬಲಗೈಯನ್ನು ಸದಾ ಟವೆಲ್ಲಿನೊಳಗೆ ಸುತ್ತಿಟ್ಟುಕೊಂಡು, ಎಡಗೈಯಲ್ಲೇ ಆಜ್ಞೆ ಹೊರಡಿಸುವುದು. ಊಟಕ್ಕೆ ಎಲ್ಲರ ಜೊತೆ ಕೂರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು. ಕೇಳಿದರೆ, “ದೊಡ್ಡೋರು ಹಂಗೆಲ್ಲ ಜನರ ಮುಂದೆ ಉಣ್ಣಬಾರ್ದು ಕಣವ್ವ” ಅನ್ನುತ್ತಿದ್ದರು. ನೀನು ಯಾವ ಪಕ್ಷ ಮಾವ ಅಂತ ಎಷ್ಟು ಸಲ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. “ನಾನು ಎಲ್ಲಾರ್ಗೂ ಸೇರ್ದೋನು” ಎಂದು ಜಾರಿಕೊಳ್ಳುತ್ತಿದ್ದರು. ನಿಜವಾದ ರಾಜಕಾರಣಿ!

ಮಾವನ ಮಗಳನ್ನು ನೋಡಲು ಮಾಗಡಿಯಿಂದ ಗಂಡಿನ ಕಡೆಯವರು ಬಂದ ದಿನವನ್ನು ನಾನು ಮರೆಯುವ ಹಾಗಿಲ್ಲ. ಅವಳು ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಗಂಡು ಬಿಡದಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಗಂಡಿನ ಅಪ್ಪ ಒಳ್ಳೆ ಮೈಕಟ್ಟಿನ ಆಳು, ಬಂದವರೇ ಸೀದಾ ಮಂಚದ ಕಡೆ ನಡೆದರು. ಮಾವ ಅಡ್ಡ ಹಾರಿದರು.

“ಅಲ್ಲಿ ಬ್ಯಾಡಿ ಯಜಮಾನ್ರೇ! ಕೆಳಗಡೆ ಸಭೆ ನಡೀತಾ ಐತೆ.”

ಅವರು ಪಾಪ, ಬಗ್ಗಿ ನೋಡಿ, ಏನೂ ತಿಳಿಯದೆ ಚಾಪೆ ಮೇಲೆ ಕೂತರು. ಮಾವ ಬಿಡಬೇಕಲ್ಲ! ಮದುವೆ ಮಾತು ಎತ್ತುವ ಮೊದಲೇ, “ತಾವು ಯಾವ ಪಕ್ಷ?” ಅಂದರು. ಅತ್ತೆ ಒಳಗಿನಿಂದ ಕೈಮುಗಿದು ಬೇಡಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಬೀಗರು ಮೀಸೆ ತೀಡಿಕೊಂಡು ಯೋಚಿಸಿ ಉತ್ತರ ಕೊಟ್ಟರು: “ನಾವು ಯಾವತ್ತೂ ಗೆದ್ದೋರ ಪಕ್ಷ ಕಣ್ರೀ.” ಮಾವನಿಗೆ ಆ ಉತ್ತರ ಎಷ್ಟು ಬೇಸರ ತರಿಸಿತೆಂದರೆ, ಮದುವೆ ಮುಗಿದು ಮೊಮ್ಮಗು ಹುಟ್ಟುವವರೆಗೂ ಬೀಗರನ್ನು ‘ನಾಲ್ಕನೇ ಪಕ್ಷ’ ಅಂತಲೇ ಕರೆದರು.

ಈ ನಗುವಿನ ನಡುವೆ ಒಂದು ಸಂಗತಿ ಕೆಡುತ್ತಾ ಬಂದಿತ್ತು. ಅಂಗಡಿಗಳಿಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದು ಬೊಂಬೆ ವ್ಯಾಪಾರ ಕುಸಿದಿತ್ತು. ಹೊರದೇಶದ ಆರ್ಡರು ಒಂದೇ ಗತಿ. ಆ ಆರ್ಡರಿನವರದು ಕೂದಲೆಳೆ ವ್ಯತ್ಯಾಸವೂ ಆಗದ ಅಳತೆ. ಇತ್ತ ಮಾವನ ಲೇತಿನಿಂದ ಚೀಲಕ್ಕೆ ಬೀಳುವ ಗೊಂಬೆಗಳು ಹೆಚ್ಚುತ್ತಲೇ ಇದ್ದವು. ಭಾಯ್ ಒಂದು ಭಾನುವಾರ ಮನೆಗೇ ಬಂದರು. ಬೆಳಗ್ಗೆಯೇ ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು ಮಾತು ತೆಗೆದರು.

“ಗೌಡ್ರೇ, ನಿಮ್ಮ ಕೈ ಕೆಳಗೆ ಕಲಿತವರೇ ನನ್ನ ಕಾರ್ಖಾನೇಲಿ ಎಲ್ಲಾ ಹುಡುಗ್ರು. ನಿಮಗೆ ನಾನು ಏನು ಹೇಳಲಿ? ಈ ಆರ್ಡರ್‌ನಲ್ಲೂ ಹೀಗೇ ಆದ್ರೆ ನನ್ನ ಕಾರ್ಖಾನೆ ಉಳಿಯಲ್ಲ.”

“ಒಸಿ ದಿನ ಕೊಡಿ ಭಾಯ್. ಸರಿ ಹೋಯ್ತದೆ.”

ಮಾವನ ಬಾಯಲ್ಲಿ ನಾನು ಮೊದಲ ಸಲ ಬೇಡಿಕೊಳ್ಳುವ ದನಿ ಕೇಳಿದೆ. ಆ ಮಣೆ ಹೋದರೆ ಮಾವ ಏನಾಗುತ್ತಾರೆ ಅನ್ನುವುದು ಯೋಚಿಸಲೂ ಆಗುವಂತಿರಲಿಲ್ಲ. ಅವತ್ತಿನಿಂದ ಅವರು ಎಲ್ಲರಿಗಿಂತ ಮುಂಚೆ ಕಾರ್ಖಾನೆಗೆ ಹೋಗಿ ಎಲ್ಲರಿಗಿಂತ ಕೊನೆಗೆ ಬರತೊಡಗಿದರು. ಸರಿ ಹೋಗಲಿಲ್ಲ. ಆರ್ಡರು ವಾಪಸು ಬಂತು, ಮಣೆಯೂ ಹೋಯಿತು. ಕೊನೆಯ ದಿನ ಭಾಯ್ ತಾವೇ ಆಟೋದಲ್ಲಿ ಮಾವನನ್ನು ಮನೆಗೆ ಕರೆತಂದರು. ಜೊತೆಗೆ ಗೋಣಿಚೀಲಗಳು.

“ಇವು ಇನ್ನು ರಾಮನಗರಕ್ಕೆ ಹೋಗೋದು ಬೇಡ ಗೌಡ್ರೇ. ನಿಮ್ಮವರು ನಿಮ್ಮ ಹತ್ರಾನೇ ಇರಲಿ” ಅಂದು, ತಿರುಗಿ ನೋಡದೆ ಆಟೋ ಹತ್ತಿದರು.

ನಿರಾಶ್ರಿತರ ಪ್ರವಾಹವೇ ಬಂದುಬಿಟ್ಟಿತು! ಮಂಚದ ಕೆಳಗೆ ಜಾಗ ಸಾಲದೆ ಅಡುಗೆಮನೆ ಗಡಿಯವರೆಗೂ ದೇಶ ಹರಡಿತು. ಅತ್ತೆ ಗೊಣಗಿಕೊಂಡೇ ಈರುಳ್ಳಿ ಬುಟ್ಟಿ ಹಿತ್ತಲಿಗೆ ಸಾಗಿಸಿದರು. ಚರಿತ್ರೆಯಲ್ಲಿ ಮೊದಲ ಸಲ ಪಶ್ಚಿಮದ ಗಡಿ ಶಾಂತವಾಯಿತು.

ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಮಾವ ಕೈಕಟ್ಟಿ ಕೂತದ್ದು ನೋಡಲಾರದೆ ಅವಳ ಗಂಡ, ನಮ್ಮ ಭಾವ, ತಮ್ಮ ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಒಂದು ಕೆಲಸ ಹುಡುಕಿಕೊಟ್ಟರು. ಯಾವ ಕೆಲಸ ಅಂತೀರಿ? ಚೆಕಿಂಗ್! ಸಾಲಾಗಿ ಬರುವ ವಾಷರುಗಳನ್ನು ಗೇಜಿನಲ್ಲಿ ತೂರಿಸಿ ನೋಡುವುದು, ತೂರದೆ ಇದ್ದದ್ದನ್ನು ಕೆಂಪು ಡಬ್ಬಕ್ಕೆ ಹಾಕುವುದು. ಮೊದಲ ದಿನ ಮನೆಗೆ ಬಂದ ಮಾವನ ಮುಖ ಬಿಳಿಚಿಹೋಗಿತ್ತು.

“ಅದೇ ತಗಡು ಕಣವ್ವ! ಅಲ್ಲಿ ಸ್ಟೀಲಿಂದು, ಅಷ್ಟೇಯ. ನಾನು ರಾಜನ ಸೈನ್ಯಕ್ಕೇ ಸೇರ್ಬುಟ್ಟೆ!”

“ಮಾವ, ನೀನು ಗೂಢಚಾರ ಅನ್ಕೋ” ಎಂದು ನಾನು ಸಮಾಧಾನ ಹೇಳಿದೆ. ಆ ಸಲಹೆ ಕೊಡಬಾರದಿತ್ತು! ಗೂಢಚಾರ ಅಂದಮೇಲೆ ಸೆರೆಯಾಳುಗಳನ್ನು ಬಿಡಿಸಬೇಕಲ್ಲ? ಒಂದು ಸಂಜೆ ಮಾವ ಕೆಂಪು ಡಬ್ಬದಿಂದ ಅಂಚು ಸೊಟ್ಟಗಿದ್ದ ಒಂದು ವಾಷರನ್ನು ಎತ್ತಿ, ತಮ್ಮ ಊಟದ ಡಬ್ಬಿಯ ರಾಗಿಮುದ್ದೆಯೊಳಗೆ ತುರುಕಿ, ಮುದ್ದೆಯನ್ನು ಮತ್ತೆ ದುಂಡಗೆ ಮಾಡಿ, ಗೇಟಿನ ಕಡೆ ಹೊರಟರು. ಗೇಟಿನ ಕಾವಲಿನವರು ಮಾಗಡಿ ಕಡೆಯವರು. ಡಬ್ಬಿ ತೆಗೆಸಿ ನೋಡಿದರು. ಅವರಿಗೆ ಎಕ್ಸ್‌ರೇ ಯಂತ್ರ ಬೇಕಾಗಲಿಲ್ಲ.

“ಸಾರು ಪೂರ್ತಿ ಖಾಲಿ. ಮುದ್ದೆ ಹಂಗೇ ಐತೆ. ಸಾರು ಕುಡ್ದು ಮುದ್ದೆ ಬುಟ್ಟು ಬಂದೋನ್ನ ಈ ಸೀಮೇಲಿ ನಾನ್ ಕಂಡಿಲ್ಲ! ಮುರೀರಿ ಮುದ್ದೆಯಾ!”

ಮುರಿದರು. ಠಣ್ ಅಂತ ಬಿತ್ತು. ಮಾವನನ್ನು ಸಾಹೇಬರ ಮುಂದೆ ನಿಲ್ಲಿಸಿದರು, ಭಾವನನ್ನೂ ಕರೆಸಿದರು. ಸಾಹೇಬರು ವಾಷರನ್ನು ಹಿಂದೆ ಮುಂದೆ ತಿರುಗಿಸಿ, “ಇದು ಯಾವ ಕೆಲಸಕ್ಕೂ ಬರಲ್ಲವಲ್ಲ, ಯಾಕೆ ತಗೊಂಡ್ರಿ?” ಅಂದರು. ಮಾವ, “ಕೆಲಸಕ್ ಬರಾಕಿಲ್ಲ ಅಂತ್ಲೇ ಸಾ” ಅಂದರು. ಇನ್ನು ಮೇಲೆ ಹೀಗೆ ಮಾಡುವುದಿಲ್ಲ ಅಂತ ಸಹಿ ಹಾಕಲು ಪೆನ್ನು ಕೊಟ್ಟರು. ಮಾವನ ಕೈ ಗಡಗಡ ನಡುಗಿ ಪೆನ್ನು ಎರಡು ಸಲ ಬಿತ್ತು. ಸಾಹೇಬರಿಗೆ ಅಯ್ಯೋ ಅನ್ನಿಸಿ, “ಇಷ್ಟು ಹೆದರಬೇಡಿ ಯಜಮಾನ್ರೇ, ನೀರು ಕುಡಿದು ಮನೆಗೆ ಹೋಗಿ” ಎಂದು ಹಾಗೇ ಬಿಟ್ಟರಂತೆ.

ಇದನ್ನೆಲ್ಲ ಭಾವ ಮನೆಗೆ ಬಂದು, ನಡುಮನೆಯಲ್ಲಿ ನಿಂತು ಅಭಿನಯಿಸಿ ತೋರಿಸುತ್ತಿದ್ದರು. ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ತೊಟ್ಟಿಲಿನಲ್ಲಿ ಮಗು ಒಂದೇ ಸಮ ಅಳುತ್ತಿತ್ತು, ಯಾರು ತೂಗಿದರೂ ನಿಲ್ಲಿಸುತ್ತಿರಲಿಲ್ಲ.

“ಆದ್ರೂ ಮಾವ, ಅಷ್ಟೊಂದಾ ಭಯ ಬೀಳೋದು? ಎಲೆ ಅಲ್ಲಾಡೋ ಹಂಗೆ ಅಲ್ಲಾಡ್ಬುಟ್ರಲ್ಲ!” ಅಂದರು ಭಾವ.

ಮಂಚದ ಮೇಲೆ ಕೂತಿದ್ದ ಮಾವ ನಗಲಿಲ್ಲ. ಟವೆಲ್ಲನ್ನು ಮೆಲ್ಲಗೆ ಬಿಚ್ಚಿ ಪಕ್ಕಕ್ಕಿಟ್ಟರು. ಬಲಗೈಯನ್ನು ತೊಡೆಯ ಮೇಲಿಟ್ಟರು. ಅದು ನಡುಗುತ್ತಿತ್ತು. ಸಾಹೇಬರೂ ಇಲ್ಲ, ಗೇಟಿನವರೂ ಇಲ್ಲ, ಆದರೂ ನಡುಗುತ್ತಲೇ ಇತ್ತು.

“ಭಯ ಅಲ್ಲ ಕಣಪ್ಪ. ಇದು ಯಾವತ್ತಿಂದ್ಲೋ ಹಿಂಗೇಯ. ಲೇತಿನ ಮುಂದೆ ಉಳಿ ಹಿಡಿದ್ರೆ ಜಾರೋದು. ಆ ಸೊಟ್ಟ ಕತ್ತಿನೋನು, ಬಾತುಕೋಳಿ, ಎಲ್ಲಾ ಈ ಕೈ ಮಾಡಿದ್ದೇಯ. ನಾನ್ ಕೆಡಿಸಿದ್ದುಕ್ಕೆ ಅವ್ರು ಯಾಕೆ ಬೇಯ್ಬೇಕು ಅಂತ ತಂದೆ.” ಆಮೇಲೆ ನನ್ನ ಕಡೆ ತಿರುಗಿದರು. “ಯಾವ ಪಕ್ಷ, ಯಾವ ಪಕ್ಷ ಅಂತಿದ್ದಲ್ಲವ್ವ. ನಾನು ಅವಿತ್ಕಂಡೋರ ಪಕ್ಷ.”

ನನ್ನ ನಗು ಎಲ್ಲಿ ಹೋಯಿತೋ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. ಆಗ ನನಗೆ ಆ ಅರ್ಧ ಲೋಟದ ಕಾಫಿ ಅರ್ಥವಾಯಿತು. ತುಂಬ ಕೊಟ್ಟರೆ ಚೆಲ್ಲುತ್ತದೆ, ಚೆಲ್ಲಿದರೆ ನಾವೆಲ್ಲ ನೋಡುತ್ತೇವೆ!

ಅತ್ತೆ ಮಂಚದ ಹತ್ತಿರ ಬಂದರು.

“ಎಲ್ಲಿ ಐಬೋ ಅಲ್ಲೇ ಶಕ್ತಿ ಅಂತ ಬೊಂಬೆಗಳ್ಗೆಲ್ಲ ಹಂಚ್‌ದೋರು ನೀವು. ಈ ಕೈಗೇನ್ ಶಕ್ತಿ? ಅದ್ನೂ ಹೇಳಿ.”

ಮಾವ ಮತ್ತೆ ಟವೆಲ್ಲಿಗೆ ಕೈ ಹಾಕಿದರು. “ಇದ್ಕೆ ಏನೂ ಇಲ್ಲ ಕಣೆ” ಅಂದರು.

“ಇಲ್ಲ ಅಂದ್ರೆ ನಾನ್ ಒಪ್ಪಾಕಿಲ್ಲ.”

ಅತ್ತೆ ನೆಲಕ್ಕೆ ಕೂತು, ಮಂಚದ ಕೆಳಗೆ ಕೈ ಹಾಕಿ, ಟ್ರಂಕಿನ ಹಿಂದಿನಿಂದ ಆ ಮೂಗಪ್ಪನನ್ನು ಎಳೆದರು. ದಿನಾ ಗುಡಿಸಿದವರಿಗೆ ಯಾರು ಎಲ್ಲಿ ಮಲಗಿದ್ದಾರೆ ಅಂತ ಗೊತ್ತಿರುವುದಿಲ್ಲವೇ? ಗಿಲಕಿಯನ್ನು ಮಾವನ ಬಲಗೈಗೆ ಕೊಟ್ಟು, ಬೆರಳುಗಳನ್ನು ತಾವೇ ಮಡಿಸಿದರು. ತೊಟ್ಟಿಲನ್ನು ಮಂಚದ ಹತ್ತಿರಕ್ಕೆ ಎಳೆದರು.

ಮಾವ ಕೈ ಆಡಿಸಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಕೈ ತನ್ನಷ್ಟಕ್ಕೆ ನಡುಗಿತು. ಒಳಗಿನಿಂದ ಕಿಣಿಕಿಣಿ ಅಂತ ಸಣ್ಣ ಸದ್ದು ಬಂತು. ಜೋರಾಗಿ ಆಡಿಸಿದವರಿಗೆಲ್ಲ ಮೂಕನಾಗಿದ್ದವನು ಆ ಮೆಲ್ಲನೆಯ ನಡುಕಕ್ಕೆ ಬಾಯಿಬಿಟ್ಟಿದ್ದ! ಸದ್ದು ನಿಲ್ಲಲಿಲ್ಲ. ಕೈ ನಿಲ್ಲದಿದ್ದ ಮೇಲೆ ಸದ್ದು ಹೇಗೆ ನಿಂತೀತು? ಮಗು ಅಳು ನಿಲ್ಲಿಸಿ ಕಣ್ಣರಳಿಸಿ ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಹಾಗೇ ನಿದ್ದೆ ಹೋಯಿತು.

ಭಾವ ಮುಖ ಆಚೆ ತಿರುಗಿಸಿಕೊಂಡರು. ಅಕ್ಕ ಅಳುತ್ತಿದ್ದಳು. ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮನ್ನೆಲ್ಲ ಒಮ್ಮೆ ನೋಡಿ, “ಇವ್ರನ್ನ ಯಾವನಾದ್ರೂ ಕೆಲಸಕ್ ಬಾರದೋರು ಅಂದ್ರೆ, ಅವನ್ನೇ ಹಂಡೆ ಒಲೆಗಿಡ್ತೀನಿ” ಅಂದರು. ದೇಶದ ಮಹಾವೈರಿ ಹೀಗೆ ಒಂದೇ ಮಾತಿಗೆ ಎದೆ ಕೊಡೋರ ಪಕ್ಷ ಸೇರಿಬಿಟ್ಟರು.

ಆಮೇಲೆ ಒಳಗೆ ಹೋಗಿ ಕಾಫಿ ತಂದರು. ಲೋಟದ ತುಂಬ ಇತ್ತು. ಮಾವ ಅತ್ತೆಯ ಮುಖ ನೋಡಿದರು, ನಮ್ಮನ್ನು ನೋಡಿದರು, ಬಲಗೈ ಚಾಚಿ ತೆಗೆದುಕೊಂಡರು. ನಮ್ಮೆಲ್ಲರ ಎದುರಿಗೇ ಕುಡಿದರು. ಪಂಚೆ ಮೇಲೆ ಒಂದಿಷ್ಟು ಚೆಲ್ಲಿತು. ಅತ್ತೆ ಸೆರಗಿನಿಂದ ಒರೆಸಿದರು.